ಗೋಡಾವಣದ ಬಯಲಿನಲ್ಲಿ ಒಂದು ಹಗಲು

ಮರುಭೂಮಿ ಎಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಮುಂದೆ ನಿಲ್ಲುವುದು ಅಲೆಅಲೆಯಾಗಿ ಹಬ್ಬಿದ ಹೊಂಬಣ್ಣದ ಮರಳು, ಅದರ ಮೇಲೊಂದು ಒಂಟೆಗಳ ಸಾಲು. ಜೈಸಲ್ಮೇರಿನ ಪಶ್ಚಿಮಕ್ಕೆ ಕಾಲ್ನಡಿಗೆಯಲ್ಲಿ ಹೊರಟವರಿಗೆ ಈ ಚಿತ್ರ ಬಹುಬೇಗ ಅಳಿಸಿಹೋಗುತ್ತದೆ. 3,162 ಚದರ ಕಿಲೋಮೀಟರು ವಿಸ್ತಾರದ ಮರುಭೂಮಿ ರಾಷ್ಟ್ರೀಯ ಉದ್ಯಾನದಲ್ಲಿ ಮರಳುದಿಬ್ಬಗಳದು ಒಂದು ಪಾಲು ಮಾತ್ರ. ಉಳಿದದ್ದು ಬಂಡೆನೆಲ, ಕಲ್ಲುಹರಳಿನ ನೆಲ, ಸೇವಣವೆಂಬ ಹುಲ್ಲಿನ ಬಯಲು. ಸಮ್ ಗ್ರಾಮದ ದಿಬ್ಬಗಳ ಮೇಲೆ ಸೂರ್ಯಾಸ್ತವನ್ನು ನೋಡಿ ಮೋಟಾರು ಹತ್ತುವವರು ಈ ಬಯಲನ್ನು ನೋಡಿಯೂ ನೋಡಿರುವುದಿಲ್ಲ.

ಜನವರಿಯ ಒಂದು ಮುಂಜಾವದಲ್ಲಿ ಖೂರಿ ಹಳ್ಳಿಯಿಂದ ಸುದಾಸರಿಯ ದಿಕ್ಕಿಗೆ ನಡೆಯತೊಡಗಿದೆವು. ಜೊತೆಗಿದ್ದವನು ಆಡು ಕಾಯುತ್ತಲೇ ಮುಪ್ಪಾದ ಒಬ್ಬ ಸ್ಥಳೀಯ. ನಾನು ಅವನನ್ನು 'ಕಾಕಾ' ಎನ್ನುತ್ತಿದ್ದೆ. ಅವನು ನನ್ನನ್ನು ಆ ಸೀಮೆಯ ವಾಡಿಕೆಯಂತೆ 'ಹುಕುಮ್' ಎನ್ನುತ್ತಿದ್ದ. ಆಜ್ಞೆಗಳೆಲ್ಲ ಅವನವೇ ಎಂಬುದು ಬೇರೆ ಮಾತು! ಬೆರಳು ಮರಗಟ್ಟಿಸುವ ಚಳಿ. ಹೊತ್ತು ಮೂಡಿದಾಗ ಮರಳಿನ ಮೇಲೆ ರಾತ್ರಿಯ ವ್ಯವಹಾರವೆಲ್ಲ ಬರೆದಿಟ್ಟಂತೆ ಕಾಣಿಸಿತು. ಜೀರುಂಡೆ ಹೊಲಿಗೆ ಹಾಕಿದಂತೆ ಸಾಗಿತ್ತು. ಅದನ್ನು ಅಡ್ಡಹಾಯ್ದು ನರಿಯ ಹೆಜ್ಜೆ. ತುಸು ಮುಂದೆ ಆ ನರಿಯೇ ಬಿಲದ ಬಾಯಲ್ಲಿ ಬಿಸಿಲು ಕಾಯಿಸುತ್ತಿತ್ತು. ನಮ್ಮನ್ನು ಕಂಡು ಬಾಲದ ಬಿಳಿಯ ತುದಿಯನ್ನು ತೋರಿಸಿ ಒಳಸರಿಯಿತು.

ಅಲ್ಲಲ್ಲಿ ಎಕ್ಕದ ಗಿಡ, ಒಂಟಿಯಾಗಿ ನಿಂತ ಖೇಜಡಿ ಮರ. ಖೇಜಡಿಯೆಂದರೆ ಮತ್ತಾವುದೂ ಅಲ್ಲ, ವಿಜಯದಶಮಿಯಂದು ನಾವು ಎಲೆ ಹಂಚುವ ಬನ್ನಿ. ಸಾವಿರಾರು ಮೈಲಿಯಾಚೆ ಮನೆಯ ಮರವೊಂದು ಎದುರಾದರೆ ಆಗುವ ಹಿಗ್ಗನ್ನು ಓದುಗರೇ ಊಹಿಸಿಕೊಳ್ಳಲಿ. ಅದರ ನೆರಳಿನಿಂದ ಎರಡು ಚಿಂಕಾರಗಳು ಚಂಗನೆ ಹಾರಿ, ದೂರ ನಿಂತು, ತಿರುಗಿ ನೋಡಿದವು. ತಿನ್ನುವ ಎಲೆಯ ತೇವದಲ್ಲಿಯೇ ದಿನಗಟ್ಟಲೆ ಬಾಳಬಲ್ಲ ಪ್ರಾಣಿಗಳಿವು. ನಮಗಾದರೋ ಮಧ್ಯಾಹ್ನದ ಹೊತ್ತಿಗೆ ಎರಡು ಬಾಟಲಿ ನೀರು ಮುಗಿದಿತ್ತು.

ಇಳಿಹೊತ್ತಿನಲ್ಲಿ ಕಾಕಾ ಥಟ್ಟನೆ ಕುಳಿತು ನನ್ನ ತೋಳೆಳೆದನು. ಹುಲ್ಲಿನ ನಡುವೆ ಗೋಡಾವಣ! ನಮ್ಮ ಎರೆನೆಲದ ರೈತರು ಎರೆಭೂತವೆಂದು ಕರೆಯುವ ಹೆಬ್ಬಕ. ಮೀಟರೆತ್ತರದ ಹಕ್ಕಿ, ಬಿಳಿಯ ಕೊರಳು, ನೆತ್ತಿಯ ಮೇಲೆ ಕಪ್ಪು ಟೊಪ್ಪಿಗೆ. ಗಂಡು 15 ಕಿಲೋ ತೂಗುವುದುಂಟು. ಪರೀಕ್ಷೆಯ ಕೊಠಡಿಯ ಮೇಲ್ವಿಚಾರಕರ ಗತ್ತಿನಲ್ಲಿ ಅದು ಹೆಜ್ಜೆಯಿಡುತ್ತಿತ್ತು. ಒಂದು ಕಾಲಕ್ಕೆ ಪಂಜಾಬಿನಿಂದ ನಮ್ಮ ಬಳ್ಳಾರಿಯವರೆಗೆ ಹರಡಿದ್ದ ಈ ಕುಲದಲ್ಲಿ ಇಂದು ಬಯಲಿನಲ್ಲಿ ಉಳಿದಿರುವುದು ನೂರೈವತ್ತಕ್ಕೂ ಕಡಮೆ. ಅವುಗಳಲ್ಲಿ ಬಹುಪಾಲು ಇಲ್ಲಿಯೇ. ಹೆಣ್ಣು ಬರಿನೆಲದ ಮೇಲೆ ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ.

ಬೇಟೆಗಾರನ ಕೋವಿ ಹಿಂದಿನ ಶತ್ರು. ಇಂದಿನದು ವಿದ್ಯುತ್ತಿನ ತಂತಿ. ಹೆಬ್ಬಕಕ್ಕೆ ಅಕ್ಕಪಕ್ಕದ ನೋಟ ವಿಶಾಲ, ನೇರ ಮುಂದಿನದು ಕಿರಿದು. ಮೈಭಾರವಾದ್ದರಿಂದ ಎದುರಾದ ತಂತಿಯಿಂದ ಥಟ್ಟನೆ ಹೊರಳಲಾರದು. ಬಿಸಿಲಿನಿಂದಲೂ ಗಾಳಿಯಿಂದಲೂ ವಿದ್ಯುತ್ತು ತೆಗೆಯುವ ಯಂತ್ರಗಳಿಗೆ ಈ ಸೀಮೆಯೇ ಪ್ರಶಸ್ತವಾದುದು ದುರ್ದೈವ. ತಂತಿಗಳನ್ನು ನೆಲದಡಿ ಹೂಳಬೇಕೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಆಜ್ಞಾಪಿಸಿತು. 2024ರಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಹೊಗೆಯಿಲ್ಲದ ವಿದ್ಯುತ್ತು ಬೇಡವೆನ್ನುವ ಧೈರ್ಯ ನನಗಿಲ್ಲ. ಆದರೆ ಅದರ ಬೆಲೆಯನ್ನು ಈ ಒಂದು ಹಕ್ಕಿಯೇ ತೆರಬೇಕೆಂಬುದು ಯಾವ ನ್ಯಾಯ?

"ಚಿಕ್ಕಂದಿನಲ್ಲಿ ಇವನ್ನು ಎಣಿಸುತ್ತಿರಲಿಲ್ಲ ಹುಕುಮ್" ಎಂದನು ಕಾಕಾ. "ಎಣಿಸತೊಡಗಿದ್ದು ಈಗ."

ಹಕ್ಕಿ ನಾಲ್ಕು ಹೆಜ್ಜೆ ಓಡಿ, ಭಾರವಾದ ರೆಕ್ಕೆಗಳನ್ನು ಬಡಿದು ಮೇಲೆದ್ದಿತು. ಅದು ಹೊರಟ ದಿಕ್ಕಿನಲ್ಲಿಯೇ ದಿಗಂತದುದ್ದಕ್ಕೂ ಕಂಬಗಳ ಸಾಲು. ಇಬ್ಬರೂ ಮಾತಿಲ್ಲದೆ ನೋಡುತ್ತ ನಿಂತೆವು. ಕಂಬಗಳು ಇನ್ನೂ ದೂರವಿರುವಾಗಲೇ ಅದು ಹುಲ್ಲಿನಲ್ಲಿಳಿದು ಮರೆಯಾಯಿತು. ಕಾಕಾ ರುಮಾಲನ್ನು ಬಿಗಿದು ಸುತ್ತಿಕೊಂಡು, "ನಡೆಯಿರಿ, ಕತ್ತಲಾಗುವುದರೊಳಗೆ ರಸ್ತೆ ಸೇರಬೇಕು" ಎಂದನು.