ಆರು ಉಸಿರಿನ ಲೆಕ್ಕ

ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತೀರಿ ಎಂದು ಎಂದಾದರೂ ಎಣಿಸಿದ್ದೀರಾ, ಮಕ್ಕಳೇ? ದೊಡ್ಡವರದು ಸುಮಾರು ಹದಿನೈದು ಎಂದಿಟ್ಟುಕೊಳ್ಳಿ. ಗಂಟೆಗೆ 900, ದಿನಕ್ಕೆ 21,600. ನಮ್ಮ ಹಿರಿಯರು ಉಸಿರಿಗೊಂದು ಜಪವೆಂದು ಹೇಳುತ್ತಿದ್ದ ಲೆಕ್ಕವೂ ಇದೇ. ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಬೇರೆಯವರ ಹಣ ಎಣಿಸಿದ ನಾನು ಉಸಿರು ಎಣಿಸಲು ಕಲಿತದ್ದು ಆಸ್ಪತ್ರೆಯಲ್ಲಿ, ನನ್ನ ತಮ್ಮನ ಮಂಚದ ಪಕ್ಕದಲ್ಲಿ.

ತಮ್ಮ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ತೋಟದ ಈ ತುದಿಯಲ್ಲಿ ಕೂಗಿದರೆ ಆ ತುದಿಗೆ ಕೇಳುವಂಥ ಗಂಟಲು. ಅವನಿಗೆ ಗೀಯಾನ್ ಬಾರೆ ಎಂಬ ನರದ ಕಾಯಿಲೆ ಬಂತು. ಕಾಲಿನಲ್ಲಿ ಶುರುವಾದ ನಿಶ್ಶಕ್ತಿ ನಾಲ್ಕೇ ದಿನದಲ್ಲಿ ಎದೆಗೆ ಏರಿತು. ವೆಂಟಿಲೇಟರ್ ಹಾಕಿದರು. ಬಾಯಿಯಿಂದ ಇಳಿಸಿದ ನಳಿಕೆಯನ್ನು ಬಹಳ ದಿನ ಇಡುವಂತಿಲ್ಲ ಎಂದು ಎರಡು ವಾರದ ಮೇಲೆ ಕತ್ತಿನ ಕೆಳಭಾಗದಲ್ಲಿ ಶ್ವಾಸನಾಳಕ್ಕೆ ಸಣ್ಣ ರಂಧ್ರ ಮಾಡಿ ಅಲ್ಲಿ ನಳಿಕೆ ಕೂರಿಸಿದರು. ಅದೇ ಟ್ರೇಕಿಯಾಸ್ಟಮಿ. ಗಾಳಿ ಧ್ವನಿಪೆಟ್ಟಿಗೆಯ ಕೆಳಗೇ ಓಡಾಡುವುದರಿಂದ ಮಾತು ಹೋಯಿತು. ಕಣ್ಣು ಒಮ್ಮೆ ಮಿಟುಕಿಸಿದರೆ ಹೌದು, ಎರಡು ಸಲ ಮಿಟುಕಿಸಿದರೆ ಇಲ್ಲ.

ಕೈಬೆರಳು ಆಡತೊಡಗಿದರೂ ಯಂತ್ರ ತೆಗೆದರೆ ಹತ್ತು ನಿಮಿಷಕ್ಕೇ ಏದುಸಿರು. ಎದೆಗೂ ಹೊಟ್ಟೆಗೂ ನಡುವೆ ಬಿಚ್ಚಿದ ಕೊಡೆಯ ಹಾಗೆ ವಪೆ ಎಂಬ ಸ್ನಾಯುವಿದೆ. ಅದು ಕೆಳಗಿಳಿದಾಗ ಗಾಳಿ ಒಳಬರುತ್ತದೆ. ಅದರ ಕೆಲಸವನ್ನು ಯಂತ್ರ ಮಾಡಿಕೊಟ್ಟರೆ ಕೆಲವೇ ದಿನಗಳಲ್ಲಿ ಅದು ಸೊರಗುತ್ತದೆ, ಪ್ಲಾಸ್ಟರ್ ಹಾಕಿದ ಕಾಲು ಸಣ್ಣಗಾಗುವುದಿಲ್ಲವೇ, ಹಾಗೆ. ತಮ್ಮನಿಗೋ ನರವೂ ಸೋತಿತ್ತು.

ಫಿಸಿಯೋಥೆರಪಿ ಹುಡುಗಿಯೊಬ್ಬಳು ಒಂದು ಪ್ಲಾಸ್ಟಿಕ್ ಕೊಳವೆ ತಂದಳು. ಒಳಗೆ ಸ್ಪ್ರಿಂಗ್ ಇರುವ ಪುಟ್ಟ ಬಾಗಿಲು. ಸಾಕಷ್ಟು ಜೋರಾಗಿ ಉಸಿರೆಳೆದರೆ ಮಾತ್ರ ಬಾಗಿಲು ತೆರೆದು ಗಾಳಿ ಬರುತ್ತದೆ. ಮೊದಲು ಕಫ ತೆಗೆದು, ವೆಂಟಿಲೇಟರ್ ಬಿಡಿಸಿ, ಅದನ್ನು ಕತ್ತಿನ ನಳಿಕೆಗೇ ಜೋಡಿಸಿದಳು. ಸ್ಪ್ರಿಂಗಿನ ಬಿಗಿ 9ರಲ್ಲಿತ್ತು. 9 ಎಂದರೆ ಒಂಬತ್ತು ಸೆಂಟಿಮೀಟರ್ ನೀರು. ಲೋಟದ ನೀರಿಗೆ ಸ್ಟ್ರಾ ಹಾಕಿ ನೀರನ್ನು ಒಂಬತ್ತು ಸೆಂಟಿಮೀಟರ್ ಮೇಲಕ್ಕೆ ಎಳೆಯಿರಿ, ಅಷ್ಟೇ ಸೆಳೆತ. ನನ್ನ ಮೊಮ್ಮಗ ಸ್ಕೇಲು ಹಿಡಿದು ಎಳೆದು ನೋಡಿ, "ಇಷ್ಟೇನಾ? ಚಿಕ್ಕಜ್ಜನಿಗೆ ಇದೂ ಕಷ್ಟಾನಾ?" ಅಂದ. ನಾವು ಸ್ಟ್ರಾ ಎಳೆಯುವುದು ಕೆನ್ನೆಯಿಂದ. ಅವನು ಎಳೆಯಬೇಕಾದದ್ದು ಆ ಸೊರಗಿದ ಕೊಡೆಯಿಂದ.

ಆರು ಉಸಿರು. ಮತ್ತೆ ಯಂತ್ರಕ್ಕೆ ಜೋಡಿಸಿ ಎರಡು ನಿಮಿಷ ವಿಶ್ರಾಂತಿ. ಹೀಗೆ ನಾಲ್ಕು ಸುತ್ತು, ವಾರಕ್ಕೆ ಐದು ದಿನ. 21,600ರಲ್ಲಿ ಬರೀ 24! ಒಂದು ದಿನ ತಮ್ಮ ಏಳನೆಯದಕ್ಕೂ ಕಣ್ಣಲ್ಲೇ ಕೇಳಿದ. "ಬೇಡ ಅಂಕಲ್, ಸುಸ್ತಾದ ಸ್ನಾಯು ಕಲಿಯೋದಿಲ್ಲ" ಎಂದು ಅವಳು ಕೊಳವೆ ತೆಗೆದೇಬಿಟ್ಟಳು. ಬೆರಳಿಗೆ ಹಾಕಿದ ಆಕ್ಸಿಜನ್ ಕ್ಲಿಪ್ಪಿನ ಅಂಕಿ ಇಳಿದರೆ, ಉಸಿರು ಮೇಲುಮೇಲಾದರೆ, ಆರಕ್ಕೂ ಮೊದಲೇ ನಿಲ್ಲಿಸುತ್ತಿದ್ದಳು. ಎಣಿಸುವ ಕೆಲಸ ನನ್ನದು. ಕಿರುಪುಸ್ತಕದಲ್ಲಿ ತಾರೀಕು, ಬಿಗಿ, ಸುತ್ತು ಬರೆದಿಟ್ಟೆ. ಜ್ವರ ಬಂದ ದಿನಗಳಿಗೆ ಸೊನ್ನೆ.

ನೋಡಲು ಬಂದವರ ಸಲಹೆಗಳಿಗೆ ಲೆಕ್ಕವಿಡಲಿಲ್ಲ. ಒಬ್ಬರು ಅನುಲೋಮ ವಿಲೋಮ ಮಾಡಿಸಿ ಎಂದರು. ಪ್ರಾಣಾಯಾಮ ನಾನೂ ಮಾಡುತ್ತೇನೆ, ಅದರ ಮೇಲೆ ತಕರಾರಿಲ್ಲ. ಆದರೆ ಉಸಿರು ಮೂಗಿಗೇ ಬರದವನಿಗೆ ಯಾವ ಹೊಳ್ಳೆ ಮುಚ್ಚಿಸುವುದು? ಇನ್ನೊಬ್ಬರು ತಮ್ಮ ಹೃದಯದ ಆಪರೇಷನ್ ಕಾಲದ ಮೂರು ಚೆಂಡಿನ ಡಬ್ಬಿ ತಂದರು. ಅದೂ ಬಾಯಲ್ಲಿ ಎಳೆಯುವಂಥದ್ದೇ. ಪ್ರೀತಿಯಿಂದ ತಂದಿದ್ದರು, ಕಿಟಕಿಯಲ್ಲಿಟ್ಟೆ.

ಇಷ್ಟರಿಂದ ಪ್ರಯೋಜನ ಉಂಟೇ ಎಂದು ನನಗೂ ಅನುಮಾನವಿತ್ತು. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದನ್ನು ಡಾಕ್ಟರು ತೋರಿಸಿದರು. ಯಂತ್ರ ಬಿಡಿಸಲಾಗದೆ ಉಳಿದಿದ್ದ 69 ರೋಗಿಗಳು. ಈ ವ್ಯಾಯಾಮ ಮಾಡಿದ 35 ಮಂದಿಯಲ್ಲಿ 25 ಜನ ಯಂತ್ರದಿಂದ ಹೊರಬಂದರು. ಬಿಗಿಯಿಲ್ಲದ ಕೊಳವೆ ಎಳೆದ 34 ಮಂದಿಯಲ್ಲಿ 16 ಜನ. ಉಳಿದ ಹತ್ತು ಜನರಲ್ಲಿ ತಮ್ಮನೂ ಒಬ್ಬನಾದರೆ ಎಂಬ ಪ್ರಶ್ನೆಯನ್ನು ಅವನ ಮಂಚದ ಹತ್ತಿರ ಯಾರೂ ಕೇಳಲಿಲ್ಲ.

9 ಇದ್ದದ್ದು 11 ಆಯಿತು, ಮೂರನೇ ವಾರ 15. ಯಂತ್ರವಿಲ್ಲದೆ ಅರ್ಧ ಗಂಟೆ, ಆಮೇಲೆ ಇಡೀ ಹಗಲು, ಕೊನೆಗೊಂದು ರಾತ್ರಿ. ಆ ರಾತ್ರಿ ನನಗೆ ನಿದ್ದೆಯಿಲ್ಲ, ಅವನು ಗೊರಕೆ ಹೊಡೆಯಲಾಗದಿದ್ದರೂ ಚೆನ್ನಾಗಿಯೇ ಮಲಗಿದ.

ಮುಂದಿನ ವಾರ ನಳಿಕೆಯ ಸುತ್ತಲಿನ ಪುಟ್ಟ ಬಲೂನಿನ ಗಾಳಿ ತೆಗೆದು, ನಳಿಕೆಯ ಬಾಯಿಗೆ ಮಾತಿನ ಕವಾಟ ಕೂರಿಸಿದರು. ಅದು ಒಳಬರುವ ಗಾಳಿಗೆ ಮಾತ್ರ ತೆರೆಯುತ್ತದೆ. ಹೊರಹೋಗುವ ಗಾಳಿ ಧ್ವನಿಪೆಟ್ಟಿಗೆಯನ್ನು ಹಾದೇ ಹೋಗಬೇಕು. ಇಂಥ ಕವಾಟಗಳಲ್ಲಿ ಹೆಸರಾದ ಒಂದನ್ನು ರೂಪಿಸಿದವನು ಡೇವಿಡ್ ಮ್ಯೂರ್, ಸ್ನಾಯು ಕ್ಷಯಿಸುವ ಕಾಯಿಲೆಯಿಂದ ತಾನೇ ವೆಂಟಿಲೇಟರಿನಲ್ಲಿದ್ದ ಅಮೆರಿಕದ ತರುಣ.

ತಮ್ಮ ಎರಡು ಸಲ ಕೆಮ್ಮಿದ. ಆಮೇಲೆ ಬಿರುಕು ದನಿಯಲ್ಲಿ, "ಅಣ್ಣಾ, ಕೊನೆಕೊಯ್ಲಿಗೆ ಜನ ಸಿಕ್ಕಿದ್ರಾ?" ಅಂದ. ಸಿಕ್ಕಿದ್ದಾರೆ ಎಂದೆ. ಕೂಲಿ ಎಷ್ಟು ಎಂದು ಕೇಳಿದ, ಹೇಳಿದೆ, ಜಾಸ್ತಿಯಾಯಿತು ಎಂದು ಗೊಣಗಿದ.