ಗಿಲ್‌ಮನ್ ಬೀದಿಯ ಅಂಕಲ್

ಶನಿವಾರ ಸಂಜೆ ಮನೆಯಿಂದ ಹೊರಡುವಾಗ ನನ್ನ ಜೇಬಿನಲ್ಲಿ ಮೂರು ಸಾಮಾನು ಇರಲೇಬೇಕು: ಓದುವ ಕನ್ನಡಕ, ಅಸಿಡಿಟಿ ಮಾತ್ರೆ, ಕಿವಿಗೆ ತುರುಕಿಕೊಳ್ಳುವ ಸ್ಪಂಜಿನ ಬಿರಡೆ. ನೋಡಿದವರು ಯಾವುದೋ ದೂರದ ವಿಮಾನಕ್ಕೆ ಹೊರಟಿದ್ದಾನೆ ಅಂದುಕೊಳ್ಳಬೇಕು. ನಾನು ಹೊರಟಿರುವುದು ಪಂಕ್ ಸಂಗೀತ ಕೇಳಲು. "ರೀ, ನಾಳೆ ಬೆಳಿಗ್ಗೆ ನಾನು ಕೂಗಿದ್ದು ಕೇಳಿಸಲಿಲ್ಲ ಅಂದ್ರೆ ನೋಡಿ ಮತ್ತೆ" ಎಂದು ಹೆಂಡತಿ ಬಾಗಿಲವರೆಗೂ ಬಂದು ಎಚ್ಚರಿಸುತ್ತಾಳೆ. ಮದುವೆಯಾದ ಹೊಸತರಲ್ಲಿ ಬರೀ "ಇದೇನ್ರೀ ಗಲಾಟೆ" ಎನ್ನುತ್ತಿದ್ದಳು. ಈಗ ಅದರ ಹಿಂದೆ "ಈ ವಯಸ್ಸಲ್ಲಿ" ಅಂತ ಸೇರಿಕೊಂಡಿದೆ, ಅಷ್ಟೇ ವ್ಯತ್ಯಾಸ.

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿರುವ ಆ ಜಾಗಕ್ಕೆ ವಿಳಾಸವೇ ಹೆಸರು: 924 ಗಿಲ್‌ಮನ್. ಗೋದಾಮು, ವರ್ಕ್‌ಶಾಪುಗಳ ನಡುವಿನ ಒಂದು ಇಟ್ಟಿಗೆ ಕಟ್ಟಡ. ಪಕ್ಕದಲ್ಲೇ ಬೆತ್ತದ ಕುರ್ಚಿ ಹೆಣೆಯುವ ಸಾಮಾನಿನ ಅಂಗಡಿಯಿತ್ತು. ಓದಲೆಂದು ದಾವಣಗೆರೆಯಿಂದ ಬಂದ ಹೊಸತರಲ್ಲಿ, ಅಮೆರಿಕದಲ್ಲೂ ಬೆತ್ತ ಮಾರುತ್ತಾರಲ್ಲ ಎಂದು ಆ ಅಂಗಡಿಯ ಎದುರು ನಿಂತಿದ್ದವನನ್ನು ಪಕ್ಕದ ಬಾಗಿಲಿನ ಸದ್ದು ಒಳಗೆ ಎಳೆದುಕೊಂಡಿತು. ಒಳಗೆ ಗೋಡೆಯ ತುಂಬ ಬಣ್ಣದ ಗೀಚು, ಮೂಲೆಯಲ್ಲಿ ಸ್ಪ್ರಿಂಗು ಎದ್ದ ಸೋಫಾ, ಬೆವರಿನ ಧಗೆ. ಹಾಡುವವನು ಏನು ಹೇಳುತ್ತಿದ್ದಾನೆಂದು ಒಂದಕ್ಷರ ತಿಳಿಯಲಿಲ್ಲ. ಸಿಟ್ಟು ಬಂದಿದೆ ಎನ್ನುವುದು ಮಾತ್ರ ಚೆನ್ನಾಗಿ ತಿಳಿಯಿತು. ಪರೀಕ್ಷೆ, ಬಾಡಿಗೆ, ವೀಸಾಗಳ ಆ ದಿನಗಳಲ್ಲಿ ನನಗೂ ಅಷ್ಟೇ ಸಾಕಾಗಿತ್ತು.

ಈ ಜಾಗ ಬಾಗಿಲು ತೆರೆದದ್ದು 1986ರ ಡಿಸೆಂಬರ್ 31ರ ರಾತ್ರಿ. ಹಿಂದೆ ನಿಂತವರು ಟಿಮ್ ಯೊಹಾನನ್ ಮತ್ತು ಅವರ ಗೆಳೆಯರು. ಯೊಹಾನನ್ 1977ರಿಂದ ರೇಡಿಯೋದಲ್ಲಿ ಪಂಕ್ ಹಾಡು ಹಾಕುತ್ತಿದ್ದವರು, 1982ರಿಂದ 'ಮ್ಯಾಕ್ಸಿಮಮ್ ರಾಕನ್‌ರೋಲ್' ಪತ್ರಿಕೆ ನಡೆಸಿದವರು. ಸುದ್ದಿ ಕಾಗದದ ಪತ್ರಿಕೆ ಅದು. ಓದಿ ಮುಗಿಸುವಷ್ಟರಲ್ಲಿ ಬೆರಳೆಲ್ಲ ಮಸಿ. ಬರೆಯುವವರು, ಪುಟ ಕಟ್ಟುವವರು, ಅಂಚೆಗೆ ಹಾಕುವವರು ಎಲ್ಲರೂ ಸಂಬಳವಿಲ್ಲದ ಸ್ವಯಂಸೇವಕರು. ಪಂಕ್ ಎಂದರೆ ಹದಿನೇಳರ ಹುಡುಗರ ಆಟ ಎನ್ನುವವರಿಗೆ ನಾನು ಒಂದು ಲೆಕ್ಕ ಹೇಳುತ್ತೇನೆ: 1945ರಲ್ಲಿ ಹುಟ್ಟಿದ ಯೊಹಾನನ್‌ಗೆ ಗಿಲ್‌ಮನ್ ಶುರುವಾದಾಗಲೇ ನಲವತ್ತು ದಾಟಿತ್ತು.

ಅಲ್ಲಿನ ನಿಯಮಗಳು ನಮ್ಮ ಯಾವ ಮಠಕ್ಕೂ ಕಡಿಮೆಯಿಲ್ಲ. ಕುಡಿತವಿಲ್ಲ, ಡ್ರಗ್ಸ್ ಇಲ್ಲ, ಹೊಡೆದಾಟವಿಲ್ಲ. ಬಣ್ಣ, ಲಿಂಗ, ಪ್ರೀತಿಯ ಹೆಸರಲ್ಲಿ ಯಾರನ್ನೂ ಹೀಯಾಳಿಸುವಂತಿಲ್ಲ. ಅಮೆರಿಕದಲ್ಲಿ ಇಪ್ಪತ್ತೊಂದು ತುಂಬದವರಿಗೆ ಮದ್ಯ ಮಾರುವಂತಿಲ್ಲ. ಬಾರಿನ ಲಾಭದ ಮೇಲೆ ನಡೆಯುವ ಸಂಗೀತದ ಕ್ಲಬ್ಬುಗಳು ಹಾಗಾಗಿ ಹುಡುಗರನ್ನು ಬಾಗಿಲಲ್ಲೇ ತಡೆಯುತ್ತವೆ. ಗಿಲ್‌ಮನ್ ಬಾರನ್ನೇ ಇಡಲಿಲ್ಲ, ಹಾಗಾಗಿ ಯಾವ ವಯಸ್ಸಿನವರು ಬೇಕಾದರೂ ಬರಬಹುದು. ಹದಿನೈದರ ಹುಡುಗರಿಗೆಂದು ಮಾಡಿದ ಈ ಏರ್ಪಾಟು ಐವತ್ತರ ನನಗೂ ಅನ್ವಯಿಸುತ್ತದೆ ಎಂದು ಆಗ ಯಾರೂ ಯೋಚಿಸಿರಲಾರರು. ನಾನಂತೂ ಯೋಚಿಸಿರಲಿಲ್ಲ. ಇಪ್ಪತ್ತರಲ್ಲಿ ಯಾರಿಗೆ ತಾನೇ ಐವತ್ತು ಕಾಣುತ್ತದೆ?

ಇನ್ನೊಂದು ಕಟ್ಟಳೆ, ಬರೀ ನೋಡುವವರು ಇರಬಾರದು ಎನ್ನುವುದು. ನಮ್ಮೂರಿನ ಯುವಕ ಸಂಘದ ನಾಟಕದಲ್ಲಿ ದುರ್ಯೋಧನನೇ ಬೆಳಿಗ್ಗೆ ಚಪ್ಪರದ ಗಳ ಹೊರುತ್ತಿದ್ದ ಹಾಗೆ, ಇಲ್ಲಿ ಗಿಟಾರ್ ನುಡಿಸಿದವಳೇ ಕೊನೆಗೆ ಪೊರಕೆ ಹಿಡಿಯುತ್ತಾಳೆ. ತೀರ್ಮಾನಗಳೆಲ್ಲ ಮೀಟಿಂಗಿನಲ್ಲಿ. ವಾದ ಮುಗಿಯುವಷ್ಟರಲ್ಲಿ ಮುಂದಿನ ಮೀಟಿಂಗ್ ಬಂದಿರುತ್ತದೆ. ಆದರೂ ಜಾಗ ಉಳಿದಿದೆ. ಶುರುಮಾಡಿದವರೇ 1988ರಲ್ಲಿ ಸಾಕಾಗಿ ಬಾಗಿಲು ಮುಚ್ಚಿದರು. ಹೆಚ್ಚು ಕಾಲ ಹೋಗುವ ಮೊದಲೇ ಹುಡುಗರು ತಾವೇ ಸೇರಿ ಮತ್ತೆ ತೆರೆದರು. 1998ರಲ್ಲಿ ಯೊಹಾನನ್ ತೀರಿಕೊಂಡರು, 2019ರಲ್ಲಿ ಅವರ ಪತ್ರಿಕೆಯ ಮುದ್ರಣ ನಿಂತಿತು, ಗಿಲ್‌ಮನ್ ಮಾತ್ರ ನಡೆದುಕೊಂಡೇ ಬಂತು. ಹಿರಿಯರು ಕೈಬಿಟ್ಟದ್ದನ್ನು ಕಿರಿಯರು ಅಪ್ಪಣೆ ಕೇಳದೆ ಎತ್ತಿಕೊಂಡದ್ದೇ ಅದರ ಆಯುಷ್ಯದ ಗುಟ್ಟು.

ಹಠವೂ ವಯಸ್ಸಾದಂತೆ ಮೆತ್ತಗಾಗುತ್ತದೆ. ದೊಡ್ಡ ರೆಕಾರ್ಡ್ ಕಂಪನಿ ಸೇರಿದ ಬ್ಯಾಂಡಿಗೆ ಗಿಲ್‌ಮನ್‌ನಲ್ಲಿ ವೇದಿಕೆಯಿಲ್ಲ. ಇಲ್ಲೇ ಬೆಳೆದ ಗ್ರೀನ್ ಡೇ ಕಂಪನಿ ಸೇರಿ, 1994ರ 'ಡೂಕಿ'ಯಿಂದ ಲೋಕಪ್ರಸಿದ್ಧವಾದಾಗ ತವರಿನ ಬಾಗಿಲು ಮುಚ್ಚಿತು. ಅವರು ಮತ್ತೆ ಇಲ್ಲಿ ನುಡಿಸಿದ್ದು 2015ರ ಮೇ ತಿಂಗಳಲ್ಲಿ, ಓಕ್‌ಲ್ಯಾಂಡಿನ ಬೆಂಕಿಯಲ್ಲಿ ನಷ್ಟ ಅನುಭವಿಸಿದ ಎ.ಕೆ. ಪ್ರೆಸ್ ಪ್ರಕಾಶನ ಮತ್ತು ಅದರ ನೆರೆಯ ಮುದ್ರಣಾಲಯದ ಸಹಾಯಾರ್ಥ. ಅದರ ಹಿಂದಿನ ತಿಂಗಳಷ್ಟೇ 'ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್' ಅವರನ್ನು ಸೇರಿಸಿಕೊಂಡಿತ್ತು. ಹುಡುಗರಾಗಿ ಹೋದವರು ನಲವತ್ತು ದಾಟಿ ಬಂದಿದ್ದರು, ಅವರನ್ನು ಬೈಯುತ್ತಿದ್ದವರಿಗೂ ತಲೆ ನೆರೆತಿತ್ತು.

ನನ್ನ ದೇಹವೂ ಆ ಹಾಲ್‌ನೊಳಗೆ ಮೆಲ್ಲಗೆ ಹಿಂದೆ ಸರಿದಿದೆ. ಮೊದಲು ಸ್ಟೇಜಿನ ಮುಂದೆ, ಮೈಗೆ ಮೈ ಢಿಕ್ಕಿ ಕೊಟ್ಟು ಕುಣಿಯುವ ಪಿಟ್ಟಿನಲ್ಲಿ. ಮಂಡಿ ತಕರಾರು ತೆಗೆದ ಮೇಲೆ ಪಕ್ಕದ ಗೋಡೆಗೆ. ಈಗ ಬಾಗಿಲಲ್ಲಿ, ದುಡ್ಡಿನ ಡಬ್ಬಿಯ ಎದುರು. ಜೀನ್ಸಿನ ಹಿಂದಿನ ಜೇಬಿನಲ್ಲಿ ನಾಲ್ಕಾಗಿ ಮಡಚಿ ಒದ್ದೆಯಾದ ನೋಟುಗಳನ್ನು ಬಿಡಿಸಿ, ಮೇಜಿನ ಅಂಚಿಗೆ ಉಜ್ಜಿ ಸರಿಮಾಡಿ, ಒಂದರ ಮೇಲೊಂದು ಜೋಡಿಸುವುದು ನನ್ನ ಕೆಲಸ. ಕನ್ನಡಕ ಬೇಕಾಗುವುದು ಇಲ್ಲೇ. ಇಲ್ಲಿ ಕೂತರೆ ಹಾಡು ಅರ್ಧ ಕೇಳಿಸುತ್ತದೆ, ಮನುಷ್ಯರು ಪೂರ್ತಿ ಕಾಣುತ್ತಾರೆ. ಜೇಬು ತಡಕಾಡಿ ಹಿಂದೆ ಸರಿಯುವ ಹುಡುಗನಿಗೆ ಪೊರಕೆ ತೋರಿಸಿ, ಕೊನೆಯಲ್ಲಿ ಗುಡಿಸಿಕೊಡು ಎಂದು ಒಳಗೆ ಬಿಡುವುದಕ್ಕೆ ಒಂದು ವಯಸ್ಸು ಬೇಕು.

ವಯಸ್ಸಾದ ಪಂಕರಿಗೆ ಬರುವ ನಿಜವಾದ ರೋಗ ಕಿವುಡಲ್ಲ, 'ನಮ್ಮ ಕಾಲದಲ್ಲಿ' ಎನ್ನುವ ಕೆಮ್ಮು. ಮೊನ್ನೆ ಮೀಟಿಂಗಿನಲ್ಲಿ ನನಗೂ ಅದು ಬಂತು. ತೊಂಬತ್ತರ ದಶಕದಲ್ಲಿ ಹೇಗೆ ಮಾಡುತ್ತಿದ್ದೆವೆಂದು ವಿಸ್ತಾರವಾಗಿ ಶುರುಮಾಡಿದ್ದೆ. ಕೂದಲಿಗೆ ಹಸಿರು ಬಳಿದುಕೊಂಡ ಹುಡುಗಿಯೊಬ್ಬಳು ಕೊನೆಯವರೆಗೂ ತಾಳ್ಮೆಯಿಂದ ಕೇಳಿ, "ಸರಿ, ಈ ವಾರ ಟಾಯ್ಲೆಟ್ ತೊಳೆಯುವ ಸರದಿ ಯಾರದ್ದು?" ಅಂದಳು.

ಇದೇ ನನಗೆ ಅಲ್ಲಿ ಹಿಡಿಸುವುದು. ನಮ್ಮ ಕನ್ನಡ ಕೂಟದಲ್ಲಿ ನಾನು ಎಲ್ಲರಿಗೂ ಅಂಕಲ್. ಕಾಲಿಟ್ಟ ಕೂಡಲೇ ಕುರ್ಚಿ ಬರುತ್ತದೆ, ಊಟದ ಸಾಲಿನಲ್ಲಿ ಮುಂದೆ ಬಿಡುತ್ತಾರೆ. ಇನ್ನು ಹತ್ತು ವರ್ಷಕ್ಕೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿತ್ತು ಹಿರಿಯರ ಸಾಲಿಗೆ ಸೇರಿಸುವುದು ಖಚಿತ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಶಾಲು ಹೊದ್ದವನಿಗೆ ಮತ್ತೆ ಯಾರೂ ಕೆಲಸ ಹೇಳುವುದಿಲ್ಲ. ಗಿಲ್‌ಮನ್‌ನಲ್ಲಿ ಸನ್ಮಾನದ ಭಯವಿಲ್ಲ. ಟಾಯ್ಲೆಟ್ಟಿನ ಸರದಿ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೇ ಆ ಹುಡುಗಿಯ ಹೆಸರೂ ಇದೆ.