ಪೆಟ್ಟಿಗೆಗೆ ಹಾಕಿ ಮಲಗಿದ್ರೆ ಆಯ್ತು

ಬುಧವಾರ ಪಿಯೆರ್ ಅಂಗಡಿ ಬಾಗಿಲು ತೆಗೆಯಲ್ಲ. ಅದನ್ನ ಮರೆತು ಬೀಜ ತರೋಕೆ ಹೋಗಿ ಪೆಚ್ಚಾಗಿ ವಾಪಸ್ ಬಂದಿದ್ರೆ ನೀವೂ ನನ್ನ ಹಾಗೆ ‘ಸ್ಟಾರ್‌ಡ್ಯೂ ವ್ಯಾಲಿ’ ಆಡೋರು. ಆಡದವರಿಗೆ ಎರಡು ಮಾತು. ಎರಿಕ್ ಬರೋನ್ ಅನ್ನೋ ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೂತು, ಚಿತ್ರ, ಸಂಗೀತ, ಕೋಡು ಎಲ್ಲವನ್ನೂ ತಾನೇ ಮಾಡಿ 2016ರ ಫೆಬ್ರವರಿಯಲ್ಲಿ ಹೊರತಂದ ಆಟ. ಶುರುವಿನಲ್ಲಿ ನೀವು ಜೋಜಾ ಅನ್ನೋ ಕಂಪನಿಯ ಕ್ಯೂಬಿಕಲ್‌ನಲ್ಲಿ ಕೂತಿರ್ತೀರ. ಡ್ರಾಯರ್ ಎಳೆದರೆ ತಾತ ಬರೆದಿಟ್ಟ ಕಾಗದ. ತಾತನ ಹಳೇ ತೋಟ ಈಗ ನಿಮ್ಮದು. ಕೆಲಸ ಬಿಟ್ಟು ಬಸ್ ಹತ್ತುತ್ತೀರ.

ನನ್ನ ತಾತ ಕಾಗದ ಬರೆದಿಡಲಿಲ್ಲ. ಪಾಣಿ ಬಿಟ್ಟು ಹೋದ. ತ್ಯಾಮಗೊಂಡ್ಲು ಪಕ್ಕ 1 ಎಕರೆ 20 ಗುಂಟೆ ಖುಷ್ಕಿ ಜಮೀನು, ಅಪ್ಪ, ದೊಡ್ಡಪ್ಪ, ಮೂವರು ಅತ್ತೆಯರ ಹೆಸರಲ್ಲಿ ಜಂಟಿ. ಆಟದಲ್ಲಿ ಈ ಅತ್ತೆಯಂದಿರ ಫೀಚರ್ ಇಲ್ಲ. ಅಲ್ಲೇ ಗೊತ್ತಾಗುತ್ತೆ ಇದು ಬೇರೆ ದೇಶದವನು ಮಾಡಿದ್ದು ಅಂತ.

ನಾನು ಇದನ್ನ ಮೊದಲು ಆಡಿದ್ದು 2020ರ ಲಾಕ್‌ಡೌನ್‌ನಲ್ಲಿ, ಊರಿನ ಮನೆಯಲ್ಲೇ ಕೂತು. ಹಗಲೆಲ್ಲಾ ಆಫೀಸಿನ ಕಾಲ್, ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ಪಾರ್ಸ್ನಿಪ್‌ಗೆ ನೀರು. ಪಾರ್ಸ್ನಿಪ್ ಅಂದ್ರೆ ಬಿಳಿ ಕ್ಯಾರೆಟ್ ಥರದ ಗೆಡ್ಡೆ, ನಾನು ಇವತ್ತಿನವರೆಗೂ ಕಣ್ಣಾರೆ ನೋಡಿಲ್ಲ. ಕಿಟಕಿ ಆಚೆ ನಮ್ಮ ಹೊಲ ಇತ್ತು. ಎದ್ದು ಹೋಗಲಿಲ್ಲ.

ಅಪ್ಪ ಒಂದು ರಾತ್ರಿ ಹಿಂದೆ ಬಂದು ನಿಂತ. ಸ್ವಲ್ಪ ಹೊತ್ತು ನೋಡಿ, “ಬರೀ ಒಂದೇ ಬೆಳೆ ಇಟ್ಟಿದ್ದೀಯಲ್ಲೋ, ಅಕ್ಕಡಿ ಸಾಲು ಎಲ್ಲಿ?” ಅಂದ. ರಾಗಿ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಇಲ್ಲದ ಹೊಲ ಅವನ ಕಣ್ಣಿಗೆ ಹೊಲವೇ ಅಲ್ಲ. “ಈಗ ಯಾವ ಮಳೆ ಅಲ್ಲಿ?” ಅಂತ ಮುಂದಿನ ಪ್ರಶ್ನೆ. ನಾನು ವಸಂತ ಅಂದೆ. ನಕ್ಕ.

ಆದರೆ ಲೆಕ್ಕ ಹಾಕಿದರೆ ಅವನ ಪ್ರಶ್ನೆ ಸರಿ ಇದೆ. ಆಟದಲ್ಲಿ ಒಂದು ಋತುವಿಗೆ 28 ದಿನ. ಆರಿದ್ರ, ಪುನರ್ವಸು ಅಂತ ನಮ್ಮ ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ. ಎರಡು ಮಳೆ ಕಳೆದರೆ ಅಲ್ಲಿ ಒಂದು ಕಾಲ ಮುಗೀತು. 28ನೇ ರಾತ್ರಿ ಮಲಗಿ ಎದ್ದರೆ, ಮುಂದಿನ ಕಾಲಕ್ಕೆ ಹೊಂದದ ಬೆಳೆಯೆಲ್ಲಾ ಒಣಗಿ ನಿಂತಿರುತ್ತೆ. ತಡವಾಗಿ ಬಿತ್ತಿದವನಿಗೆ ಕರುಣೆ ಇಲ್ಲ. ಇದನ್ನ ಅಪ್ಪನಿಗೆ ತೋರಿಸಿದಾಗ “ಇದೊಂದು ಸರಿಯಾಗಿ ಮಾಡವ್ನೆ” ಅಂದ. ಆಟಕ್ಕೆ ಅವನು ಕೊಟ್ಟ ಒಂದೇ ಸರ್ಟಿಫಿಕೇಟ್ ಅದು.

ಬೆದರುಬೊಂಬೆ ಬಗ್ಗೆ ಹೇಳಲಿಲ್ಲ. ಅಲ್ಲಿ ಒಂದು ನಿಲ್ಲಿಸಿದ್ರೆ ಸುತ್ತಮುತ್ತ ಕಾಗೆ ಸುಳಿಯಲ್ಲ. ನಮ್ಮ ಹೊಲದ ನವಿಲುಗಳು ಬೊಂಬೆಯ ನೆರಳಲ್ಲೇ ನಿಂತು ತೆನೆ ತಿನ್ನುತ್ತವೆ.

ನನಗೆ ತುಂಬಾ ಇಷ್ಟವಾದದ್ದು ಮನೆ ಪಕ್ಕದ ಮರದ ಪೆಟ್ಟಿಗೆ. ಬೆಳೆದಿದ್ದನ್ನ ಅದಕ್ಕೆ ಹಾಕಿ ಮಲಗಿದ್ರೆ ಆಯ್ತು, ಬೆಳಗ್ಗೆ ದುಡ್ಡು ಕೈಯಲ್ಲಿ. 20ಕ್ಕೆ ಕೊಂಡ ಪಾರ್ಸ್ನಿಪ್ ಬೀಜ ನಾಲ್ಕು ದಿನದಲ್ಲಿ ಕನಿಷ್ಠ 35 ಆಗುತ್ತೆ. ದಲ್ಲಾಳಿ ಇಲ್ಲ, ತೂಕದಲ್ಲಿ ತಕರಾರಿಲ್ಲ, ಇವತ್ತು ರೇಟ್ ಬಿದ್ದಿದೆ ಅನ್ನೋರಿಲ್ಲ. 2024-25ರಲ್ಲಿ ರಾಗಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 4,290 ಇತ್ತು. ಮನೆಗೆ ಇಟ್ಟುಕೊಂಡು ಉಳಿದ 8 ಕ್ವಿಂಟಲ್ ಕೊಟ್ಟಿದ್ದಕ್ಕೆ ಅಪ್ಪನಿಗೆ 34,320 ರೂಪಾಯಿ. ಉಳುಮೆ, ಗೊಬ್ಬರ, ಕೊಯ್ಲಿನ ಕೂಲಿ ಇನ್ನೂ ಕಳೆದಿಲ್ಲ. ನನ್ನ ಫ್ಲ್ಯಾಟಿಗೆ ಒಂದೂವರೆ ತಿಂಗಳ ಬಾಡಿಗೆ ಆಗುತ್ತೆ ಅಷ್ಟೆ. ಹೀಗಿರೋವಾಗ ಪೆಟ್ಟಿಗೆಯನ್ನ ಕನಸಿನ ವಸ್ತು ಅನ್ನದೆ ಇನ್ನೇನನ್ನಲಿ.

ಇನ್ನೊಂದು, ನಿದ್ದೆ. ರಾತ್ರಿ ಎರಡರೊಳಗೆ ಹಾಸಿಗೆ ಸೇರದಿದ್ರೆ ನಿಂತಲ್ಲೇ ಬಿದ್ದು ಹೋಗ್ತೀರ, ಜೇಬಲ್ಲಿದ್ದ ದುಡ್ಡಲ್ಲೂ ಸ್ವಲ್ಪ ಹೋಗುತ್ತೆ. ಆನ್-ಕಾಲ್ ವಾರದಲ್ಲಿ ಮೂರು ಗಂಟೆಗೆ ಫೋನ್ ಎತ್ತೋ ನಮ್ಮಂಥವರಿಗೆ ಇದು ಅಣಕದ ಥರ ಕಾಣುತ್ತೆ. ಹುಟ್ಟುಹಬ್ಬಗಳೂ ಹಾಗೇ. ಟೆಂಟಿನಲ್ಲಿ ವಾಸ ಮಾಡೋ ಲೈನಸ್‌ಗೆ ಗೆಣಸು ಪ್ರಾಣ ಅಂತ ನನಗೆ ಗೊತ್ತು. ಎದುರು ಫ್ಲ್ಯಾಟಿನವರ ಹೆಸರು ಗೊತ್ತಿಲ್ಲ.

ಇನ್ನು ಜೋಜಾ. ಆ ಊರಲ್ಲಿ ಪಾಳುಬಿದ್ದ ಸಮುದಾಯ ಭವನ ಒಂದಿದೆ. ಬೆಳೆ, ಮೀನು, ಹಣ್ಣು ಒಂದೊಂದೇ ಹೊಂದಿಸಿಕೊಟ್ಟು ಅದನ್ನ ಎಬ್ಬಿಸಬಹುದು. ಅದು ಬೇಡ ಅಂದ್ರೆ 5,000 ಕಟ್ಟಿ ಜೋಜಾ ಮೆಂಬರ್ ಆಗಬಹುದು, ಆಗ ಭವನ ಜೋಜಾದ ಗೋಡೌನ್ ಆಗುತ್ತೆ. ಅಭಿಮಾನಿಗಳು ಇದನ್ನ ಪಾಪ ಅಂತಲೇ ನೋಡ್ತಾರೆ. ನಾನು ಎರಡನೇ ಸಲ ಆಡಿದಾಗ ಅದನ್ನೇ ಆರಿಸಿಕೊಂಡೆ. ನಿಜ ಹೇಳ್ತೀನಿ, ಸಲೀಸಾಗಿತ್ತು. ದುಡ್ಡು ಕಟ್ಟಿದರೆ ಸೇತುವೆ ರಿಪೇರಿ, ಬಸ್ ರಿಪೇರಿ. ಹುಡುಕಾಟ ಇಲ್ಲ, ಕಾಯೋದಿಲ್ಲ.

ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲಿ ಹೋಗ್ತಾ ಎರಡೂ ಕಡೆ ಎದ್ದಿರೋ ತಗಡಿನ ಗೋಡೌನ್‌ಗಳನ್ನ ನೀವೂ ನೋಡಿರ್ತೀರ. ನಾವು ಆನ್‌ಲೈನಲ್ಲಿ ತರಿಸಿಕೊಳ್ಳೋ ಸಾಮಾನು ಎಲ್ಲೋ ಒಂದು ಕಡೆ ಇರಲೇಬೇಕಲ್ಲ. ಈ ವರ್ಷ ಅಂಥದ್ದಕ್ಕೇ ಜಾಗ ಹುಡುಕುತ್ತಾ ಒಬ್ಬ ನಮ್ಮ ಮನೆಗೂ ಬಂದಿದ್ದ. ಅವನು ಹೇಳಿದ ರೇಟು ಕೇಳಿ ದೊಡ್ಡಪ್ಪ ಎರಡು ಸಲ ಕೇಳಿ ಖಾತ್ರಿ ಮಾಡ್ಕೊಂಡ. ಅತ್ತೆಯರು ಮೂವರೂ ಸೈನ್ ಹಾಕ್ತೀವಿ ಅಂದಿದ್ದಾರೆ. ಅವರದ್ದು ತಪ್ಪು ಅನ್ನೋಕೆ ನನಗೆ ಬಾಯಿಲ್ಲ, ಇಷ್ಟು ವರ್ಷ ಅವರ ಕೈಗೆ ಆ ನೆಲದಿಂದ ಬಂದಿರೋದು ವರ್ಷಕ್ಕೆ ಒಂದು ಮೂಟೆ ರಾಗಿ. ಅಪ್ಪ ಏನೂ ಹೇಳಿಲ್ಲ. “ನೀನೇನಂತೀಯ?” ಅಂತ ನನ್ನ ಕೇಳಿದ. ಯೋಚನೆ ಮಾಡಿ ಹೇಳ್ತೀನಿ ಅಂದು ಎರಡು ತಿಂಗಳಾಯ್ತು.

ಆಟದಲ್ಲಿ ಮೂರನೇ ವರ್ಷದ ಮೊದಲ ದಿನ ತಾತನ ಆತ್ಮ ಬರುತ್ತೆ. ತೋಟ ಹೇಗೆ ನೋಡ್ಕೊಂಡಿದ್ದೀಯ ಅಂತ ಲೆಕ್ಕ ಹಾಕಿ ಒಂದರಿಂದ ನಾಲ್ಕರವರೆಗೆ ಮೇಣದಬತ್ತಿ ಹಚ್ಚುತ್ತೆ. ನನಗೆ ಸಿಕ್ಕಿದ್ದು ಎರಡು. ಕಡಿಮೆ ಆಯ್ತು ಅನ್ನಿಸಿದ್ರೆ ತಾತನ ಗುಡಿ ಮುಂದೆ ಒಂದು ವಜ್ರ ಇಟ್ಟು ಮತ್ತೆ ಕರೆಸಬಹುದು. ನಾಲ್ಕು ವಜ್ರ ಕೂಡಿಟ್ಟಿದ್ದೀನಿ, ಇನ್ನೂ ಇಟ್ಟಿಲ್ಲ.

ನಿನ್ನೆ ಅಪ್ಪ ಫೋನ್ ಮಾಡಿದ್ದ. “ಪುನರ್ವಸು ಚೆನ್ನಾಗಿ ಹುಯ್ದೈತೆ. ಶನಿವಾರ ಟ್ರಾಕ್ಟರ್ ಕೂರಿಗೆಗೆ ಹೇಳಿವ್ನಿ. ಆ ಗೋಡೌನ್‌ನೋನೂ ಅವತ್ತೇ ಬತ್ತಾನಂತೆ. ನೀನು ಬತ್ತೀಯೇನೋ?”

ಬರ್ತೀನಿ ಅಂದೆ. ಅಕ್ಕಡಿಗೆ ಅವರೆ ಬೀಜ ಇದೆಯಾ ಅಂತ ಕೇಳಿದೆ. ಐತೆ ಅಂದ.